ಟಂಕಸಾಲೆಯ ದೋಷವೋ, ಬೇಕೆಂದೇ ಕೆಡಿಸಿದ ನಾಣ್ಯವೋ: ಚಿತ್ರ ನೋಡಿ ಗುರುತಿಸುವುದು ಹೇಗೆ?

ಪ್ರಶ್ನೆ | ಹೊಸ ಸಂಗ್ರಾಹಕ

ಎಲ್ಲರಿಗೂ ನಮಸ್ಕಾರ. ಟಂಕಸಾಲೆಯಲ್ಲಿಯೇ ತಪ್ಪಾಗಿ ಅಚ್ಚಾಗಿ ಹೊರಬಂದ ನಾಣ್ಯಗಳು, ಅಂದರೆ ಎಲ್ಲರೂ ಎರರ್ ಕಾಯಿನ್ ಎಂದು ಕರೆಯುವ ನಾಣ್ಯಗಳು, ನನ್ನ ಮುಖ್ಯ ಆಸಕ್ತಿ. ಆನ್‌ಲೈನ್ ಮಾರಾಟ ತಾಣಗಳಲ್ಲಿ ಇಂಥವು ಎಷ್ಟು ದೊಡ್ಡ ಸಂಖ್ಯೆಯಲ್ಲಿ ಕಾಣಿಸುತ್ತವೆ ಎಂದರೆ, ತಪಾಸಣೆಯ ಕಣ್ತಪ್ಪಿಸಿ ಇಷ್ಟೊಂದು ದೋಷಗಳು ಹೊರಬೀಳುವುದು ಸಾಧ್ಯವೇ ಎಂಬ ಅನುಮಾನ ಸಹಜವಾಗಿಯೇ ಹುಟ್ಟುತ್ತದೆ. ಸುತ್ತಿಗೆ, ಅರ, ಆಮ್ಲಗಳಿಂದ ಕೆಡಿಸಿದ ಸಾಮಾನ್ಯ ನಾಣ್ಯಗಳನ್ನೇ ಅಪರೂಪದ ದೋಷವೆಂದು ಮಾರುತ್ತಾರೆ ಎಂದು ಓದಿದ್ದೇನೆ. ಆದರೆ ಅವನ್ನು ಗುರುತಿಸುವ ಕ್ರಮ ನನಗೆ ಸ್ಪಷ್ಟವಾಗಿಲ್ಲ.

ಸದ್ಯ ನನ್ನ ಗಮನದಲ್ಲಿರುವುದು ಮೂರು ನಾಣ್ಯಗಳು. ಮೊದಲನೆಯದರ ಒಂದು ಬದಿಯಲ್ಲಿ ತಲೆಯ ಚಿತ್ರ ಎಂದಿನಂತಿದೆ. ಇನ್ನೊಂದು ಬದಿಯಲ್ಲಿ ಅದೇ ತಲೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗಿ, ತಗ್ಗಾಗಿ ಒತ್ತಿಕೊಂಡಿದೆ, ಮತ್ತು ಅದರ ಸುತ್ತ ಆ ಬದಿಯ ಮೂಲ ಅಕ್ಷರಗಳು ಮಸುಕಾಗಿ ಉಳಿದಿವೆ. ಮಾರುವವರು ಇದನ್ನು ಬ್ರಾಕೇಜ್ ಎನ್ನುತ್ತಾರೆ. ಎರಡನೆಯದರಲ್ಲಿ ಅಂಚಿನಿಂದ ಬಾಗಿದ ಆಕಾರದ ಒಂದು ತುಂಡು ಇಲ್ಲವಾಗಿದೆ. ಮೂರನೆಯದು ಎರಡು ಲೋಹಗಳ ನಾಣ್ಯ. ಹೊರಗಿನ ಬಳೆಗೆ ಹೋಲಿಸಿದರೆ ನಡುವಿನ ಬಿಲ್ಲೆ ಸುಮಾರು ಕಾಲು ಸುತ್ತು ತಿರುಗಿ ಕೂತಿದೆ. ಕೊಳ್ಳುವ ಮೊದಲು, ಬರೀ ಚಿತ್ರಗಳ ಆಧಾರದ ಮೇಲೆ, ಇವುಗಳ ಬಗ್ಗೆ ಏನನ್ನಾದರೂ ಖಚಿತವಾಗಿ ಹೇಳಲು ಬರುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ | ಅಚ್ಚುಮನೆ

ಚಿತ್ರಗಳನ್ನು ನೋಡುವುದಕ್ಕೆ ಮೊದಲು ನಾಣ್ಯ ತಯಾರಾಗುವ ಕ್ರಮವನ್ನು ಮನಸ್ಸಿಗೆ ತಂದುಕೊಳ್ಳಿ. ನಿಮ್ಮ ಪ್ರಶ್ನೆಯ ಬಹುಪಾಲು ಅಲ್ಲಿಯೇ ಬಗೆಹರಿಯುತ್ತದೆ. ಲೋಹದ ಉದ್ದನೆಯ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾಯಿಸಿ ಮೆದುವಾಗಿಸಿ ತೊಳೆಯುತ್ತಾರೆ. ಕಿರಿದಾಗುತ್ತ ಹೋಗುವ ತೋಡಿನಲ್ಲಿ ಬಿಲ್ಲೆಯನ್ನು ಉರುಳಿಸಿ ಅದರ ಸುತ್ತ ಅಂಚು ಎಬ್ಬಿಸುವುದು ಇನ್ನೊಂದು ಯಂತ್ರದ ಕೆಲಸ. ಕೊನೆಗೆ, ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂತ ಬಿಲ್ಲೆಯ ಮೇಲೆ ಮೇಲಿನ ಅಚ್ಚು ಬಲವಾಗಿ ಎರಗಿದಾಗ, ಲೋಹ ಎರಡೂ ಅಚ್ಚುಗಳ ಕೊರೆತದೊಳಕ್ಕೆ ನುಗ್ಗಿ ಚಿತ್ರವಾಗುತ್ತದೆ, ಬದಿಗೆ ಹರಿಯಲು ಹೊರಟ ಲೋಹವನ್ನು ಕಾಲರ್ ತಡೆದು ಪಕ್ಕದ ಗೆರೆಗಳನ್ನು ಮೂಡಿಸುತ್ತದೆ. ನಿಜವಾದ ಟಂಕನದೋಷ ಯಾವುದೇ ಆಗಿರಲಿ, ಅದು ಈ ಹಂತಗಳಲ್ಲಿ ಒಂದು ಕಡೆ ನಡೆದಿರಲೇಬೇಕು. ಆದುದರಿಂದ ನಾನು ಪ್ರತಿ ನಾಣ್ಯಕ್ಕೂ ಕೇಳುವುದು ಒಂದೇ ಪ್ರಶ್ನೆ: ಈ ಗಾಯ ಮೊದಲು ಆಯಿತೋ, ಅಚ್ಚಿನ ಏಟು ಮೊದಲು ಬಿತ್ತೋ? ಗಾಯ ಮೊದಲಾಗಿದ್ದರೆ ಅದರ ಮೇಲೆ ಅಚ್ಚಿನ ಒತ್ತಡದ ಕುರುಹು ಇರುತ್ತದೆ. ಅಚ್ಚಾದ ಮೇಲೆ ಆದ ಗಾಯವಾದರೆ, ಚಿತ್ರವನ್ನೇ ಅದು ತುಳಿದಿರುತ್ತದೆ.

ಈಗ ನಿಮ್ಮ ಮೊದಲನೆಯ ನಾಣ್ಯಕ್ಕೆ ಬರೋಣ. ಅಚ್ಚಿನಲ್ಲಿ ಚಿತ್ರವನ್ನು ತಗ್ಗಾಗಿ, ತಿರುಗುಮುರುಗಾಗಿ ಕೊರೆದಿರುತ್ತಾರೆ. ಹೀಗಾಗಿ ಅಚ್ಚು ತಗುಲಿದ ಕಡೆಯಲ್ಲೆಲ್ಲ ಉಬ್ಬಿದ, ಸರಿಯಾಗಿ ಓದಿಸಿಕೊಳ್ಳುವ ಚಿತ್ರವೇ ಮೂಡುತ್ತದೆ. ತಗ್ಗಾದ ಕನ್ನಡಿಚಿತ್ರ ಮೂಡಬೇಕಾದರೆ ಇನ್ನೊಂದು ನಾಣ್ಯವೇ ಅಚ್ಚಿನಂತೆ ಅದರ ಮೇಲೆ ಒತ್ತಿರಬೇಕು. ಟಂಕಸಾಲೆಯಲ್ಲಿ ಇದು ಆಗುವುದುಂಟು. ಅಚ್ಚಾದ ನಾಣ್ಯ ಹೊರಕ್ಕೆ ಜಾರದೆ ಒಂದು ಅಚ್ಚಿಗೆ ಅಂಟಿಕೊಂಡು ಉಳಿಯುತ್ತದೆ, ಅಷ್ಟರಲ್ಲಿ ಹೊಸ ಬಿಲ್ಲೆ ಬಂದು ಕೂರುತ್ತದೆ, ಮತ್ತು ಮುಂದಿನ ಏಟಿನಲ್ಲಿ ಆ ಬಿಲ್ಲೆಯ ಒಂದು ಮುಖಕ್ಕೆ ಅಚ್ಚೂ ಇನ್ನೊಂದು ಮುಖಕ್ಕೆ ಅಂಟಿಕೊಂಡ ನಾಣ್ಯವೂ ಒತ್ತುತ್ತವೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಿಂಬದಿಯ ಅಚ್ಚಿಗೆ ನಾಣ್ಯ ಅಂಟಿಕೊಂಡಿದ್ದರೆ, ಆ ಅಚ್ಚು ಪೂರ್ತಿಯಾಗಿ ಮುಚ್ಚಿಹೋಗಿರುತ್ತದೆ. ಹೊಸ ಬಿಲ್ಲೆಗೆ ಹಿಂಬದಿಯ ಚಿತ್ರದ ಒಂದು ಗೆರೆಯೂ ತಗುಲಲು ದಾರಿಯಿಲ್ಲ. ಪೂರ್ಣ ಬ್ರಾಕೇಜಿನ ಒಂದು ಮುಖದಲ್ಲಿ ಸರಿಯಾದ ತಲೆ, ಇನ್ನೊಂದರಲ್ಲಿ ಅದೇ ತಲೆಯ ತಗ್ಗಾದ ಕನ್ನಡಿರೂಪ, ಇಷ್ಟೇ ಇರುತ್ತದೆ. ಬೇರೇನೂ ಇರಕೂಡದು.

ನೀವು ವಿವರಿಸಿದ ನಾಣ್ಯದಲ್ಲಿ ತಗ್ಗಿನ ಸುತ್ತ ಹಿಂಬದಿಯ ಮೂಲ ಅಕ್ಷರಗಳು ಮಸುಕಾಗಿ ಉಳಿದಿವೆ ಎಂದಿದ್ದೀರಿ. ಅಂದಮೇಲೆ ಹಿಂಬದಿ ಮೊದಲು ಕ್ರಮವಾಗಿಯೇ ಅಚ್ಚಾಗಿತ್ತು, ಆಮೇಲೆ ಅದರ ಮೇಲೆ ಮತ್ತೊಂದು ನಾಣ್ಯವನ್ನಿಟ್ಟು ಒತ್ತಿದ್ದಾರೆ. ಎರಡು ನಾಣ್ಯಗಳನ್ನು ಬೆನ್ನಿಗೆ ಮುಖ ತಾಗಿಸಿ ಬೆಂಚ್ ವೈಸ್‌ನಲ್ಲಿ ಬಿಗಿಯುವುದು, ಇಲ್ಲವೇ ಸುತ್ತಿಗೆಯಿಂದ ಹೊಡೆಯುವುದು ಈ ವಂಚನೆಯ ಅತಿ ಹಳೆಯ ಮತ್ತು ಅತಿ ಸುಲಭದ ವಿಧಾನ. ಇದನ್ನು ಖಚಿತಪಡಿಸಿಕೊಳ್ಳಬೇಕಾದರೆ ‘ಸರಿಯಾಗಿದೆ’ ಎನ್ನಲಾದ ತಲೆಯ ಬದಿಯನ್ನೂ ಹತ್ತಿರದಿಂದ ನೋಡಿ. ಕೆನ್ನೆ, ಕಿವಿಯ ಮೇಲಿನ ಕೂದಲು, ಅಂಚಿನ ತುದಿ, ಹೀಗೆ ಎತ್ತರದಲ್ಲಿರುವ ಭಾಗಗಳೆಲ್ಲ ಒಂದೇ ಮಟ್ಟಕ್ಕೆ ಚಪ್ಪಟೆಯಾಗಿ ಮಿರುಗುತ್ತಿದ್ದರೆ, ಆ ಬದಿ ವೈಸ್‌ನ ದವಡೆಗೆ ತಾಗಿಕೊಂಡಿತ್ತು ಎಂದೇ ತಿಳಿಯಬೇಕು. ಕೆಲವೊಮ್ಮೆ ದವಡೆಯ ಚೌಕುಳಿ ಗೆರೆಗಳು ಕೂಡ ಅಲ್ಲಿ ಮೂಡಿರುತ್ತವೆ.

ಆದರೆ ಉಳಿದ ಅಕ್ಷರ ಕಂಡ ಕೂಡಲೇ ಎಲ್ಲವನ್ನೂ ನಕಲಿ ಎಂದು ತಳ್ಳಿಬಿಡಬಾರದು. ಭಾಗಶಃ ಬ್ರಾಕೇಜ್ ಎಂಬುದೂ ಇದೆ: ಅಚ್ಚಾದ ನಾಣ್ಯ ಹೊಸ ಬಿಲ್ಲೆಯ ಅರ್ಧದ ಮೇಲೆ ಮಾತ್ರ ಚಾಚಿಕೊಂಡಿರುತ್ತದೆ. ಆಗ ಅದು ಮುಚ್ಚಿದ ಭಾಗದಲ್ಲಿ ತಗ್ಗಾದ ಕನ್ನಡಿಚಿತ್ರ ಇರುತ್ತದೆ, ಮುಚ್ಚದ ಭಾಗದಲ್ಲಿ ಅಚ್ಚಿನ ಚಿತ್ರ ಪೂರ್ಣ ಶಕ್ತಿಯಲ್ಲಿ, ಚೂಪಾಗಿ ಮೂಡಿರುತ್ತದೆ, ಎರಡರ ನಡುವೆ ಸ್ಪಷ್ಟವಾದ ಗಡಿ ಇರುತ್ತದೆ. ವೈಸ್‌ನಲ್ಲಿ ಒತ್ತಿದ ನಾಣ್ಯದಲ್ಲಿ ಈ ಗಡಿ ಇರುವುದಿಲ್ಲ. ಒಂದೇ ಜಾಗದಲ್ಲಿ ಹಳೆಯ ಚಿತ್ರವೂ ಹೊಸ ತಗ್ಗೂ ಒಂದರ ಮೇಲೊಂದು ಬಿದ್ದಿರುತ್ತವೆ.

ಎರಡು ಸಲ ಅಚ್ಚಾದದ್ದು ಎಂದು ಮಾರುವ ನಾಣ್ಯಗಳಿಗೂ ಇದೇ ಪರೀಕ್ಷೆ ಸಾಕು. ಎರಡನೆಯ ಏಟು ಕೂಡ ಅಚ್ಚಿನದೇ ಆಗಿದ್ದರೆ ಎರಡನೆಯ ಚಿತ್ರವೂ ಉಬ್ಬಿಕೊಂಡಿರಬೇಕು. ಎರಡನೆಯ ಚಿತ್ರ ತಗ್ಗಾಗಿ, ತಿರುಗುಮುರುಗಾಗಿ ಇದ್ದರೆ ಮಾರುವವರ ವಿವರಣೆ ಅಲ್ಲಿಗೇ ಬಿದ್ದುಹೋಯಿತು.

ಉತ್ತರ | ತೂಕದಕಲ್ಲು

ಅಚ್ಚುಮನೆಯವರು ಹೇಳಿದ ಕ್ರಮವನ್ನೇ ಹಿಡಿದು, ನಿಮ್ಮ ಎರಡನೆಯ ನಾಣ್ಯದ ಬಗ್ಗೆ ಬರೆಯುತ್ತೇನೆ. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸಾಕಷ್ಟು ಮುಂದಕ್ಕೆ ಸರಿಯದಿದ್ದರೆ, ಹಿಂದಿನ ಬಿಲ್ಲೆ ಕತ್ತರಿಸಿದ ರಂಧ್ರದ ಮೇಲೆಯೇ ಕತ್ತರಿ ಮತ್ತೆ ಬೀಳುತ್ತದೆ. ಆಗ ಹೊಸ ಬಿಲ್ಲೆಯಲ್ಲಿ ಬಾಗಿದ ಒಂದು ಕೊರತೆ ಉಳಿಯುತ್ತದೆ. ಕತ್ತರಿಸಿದ್ದು ಅದೇ ಅಳತೆಯ ಉಪಕರಣವಾದ್ದರಿಂದ ಆ ಬಾಗಿನ ವೃತ್ತವೂ ಬಿಲ್ಲೆಯ ವೃತ್ತವೂ ಒಂದೇ ಗಾತ್ರದವು. ಚಿಕ್ಕ ಡ್ರಿಲ್‌ನಿಂದ ಕೊರೆದ ಬಿಗಿಯಾದ ಬಾಗು, ಅಥವಾ ಅರದಿಂದ ಉಜ್ಜಿದ ಅಂಕುಡೊಂಕಾದ ಬಾಗು, ಈ ಮೊದಲ ಹೆಜ್ಜೆಯಲ್ಲಿಯೇ ಸಿಕ್ಕಿಬೀಳುತ್ತದೆ.

ಮುಂದಿನ ಕುರುಹು ಇನ್ನೂ ಬಲವಾದದ್ದು, ಮತ್ತು ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಎದುರುಬದುರು ಬದಿಗಳಿಂದ ಒತ್ತಿ ಉರುಳಿಸುತ್ತದೆ. ತುಂಡು ಇಲ್ಲದ ಜಾಗ ಒಂದು ಬದಿಗೆ ಬಂದಾಗ ಅಲ್ಲಿ ಒತ್ತಡ ಸಿಕ್ಕುವುದಿಲ್ಲ. ಹಾಗಾಗಿ ಅದರ ನೇರ ಎದುರಿನ ಬದಿಯಲ್ಲೂ ಒತ್ತಡ ಬೀಳದೆ, ಅಂಚು ಸರಿಯಾಗಿ ಏಳದೆ ಉಳಿಯುತ್ತದೆ. ಅಚ್ಚಾದ ಮೇಲೆ, ಕೊರತೆಯ ಎದುರುಬದಿಯಲ್ಲಿ ಅಂಚು ತೆಳುವಾಗಿ ಅಥವಾ ಮಾಸಿದಂತೆ ಕಾಣುತ್ತದೆ. ಸಂಗ್ರಾಹಕರು ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎಂದು ಕರೆಯುತ್ತಾರೆ. ಕೆಡಿಸುವವರು ಸಾಮಾನ್ಯವಾಗಿ ತುಂಡು ಕತ್ತರಿಸುವ ಕಡೆಗಷ್ಟೇ ಗಮನ ಕೊಡುತ್ತಾರೆ. ಎದುರುಬದಿಯ ಅಂಚು ಪೂರ್ತಿ ಎತ್ತರದಲ್ಲಿ ದೃಢವಾಗಿ ನಿಂತಿರುತ್ತದೆ. ಒಂದು ಎಚ್ಚರಿಕೆಯ ಮಾತು: ತುಂಡು ಬಹಳ ಚಿಕ್ಕದಾಗಿದ್ದರೆ ನಿಜವಾದ ನಾಣ್ಯದಲ್ಲೂ ಈ ಪರಿಣಾಮ ಎದ್ದುಕಾಣದೆ ಇರಬಹುದು, ಆದುದರಿಂದ ಇದೊಂದನ್ನೇ ನೆಚ್ಚಿ ತೀರ್ಪು ಕೊಡಬೇಡಿ.

ಇದರ ಜೊತೆಗೆ ಕೊರತೆಯ ಹತ್ತಿರದ ಅಕ್ಷರಗಳನ್ನು ನೋಡಿ. ಏಟು ಬಿದ್ದಾಗ ಆ ಜಾಗ ಖಾಲಿಯಿದ್ದರೆ ಲೋಹ ಆ ಕಡೆಗೆ ಹರಿದಿರುತ್ತದೆ. ಅಕ್ಷರಗಳು ಅತ್ತ ಎಳೆದಂತೆ ಹಿಗ್ಗಿ, ಕೊರತೆಯ ಅಂಚಿಗೆ ಬಂದಂತೆ ಮಸುಕಾಗುತ್ತವೆ. ಅಚ್ಚಾದ ಮೇಲೆ ಕತ್ತರಿಸಿದ ನಾಣ್ಯದಲ್ಲಿ ಅಕ್ಷರ ಕೊನೆಯವರೆಗೂ ಚೂಪಾಗಿದ್ದು, ಒಮ್ಮೆಲೇ ತುಂಡಾಗಿರುತ್ತದೆ. ಕೊರತೆಯ ಗೋಡೆಯನ್ನು ಓರೆಯಾಗಿ ತೋರಿಸುವ ಚಿತ್ರವಿದ್ದರೆ ಅದರಲ್ಲಿ ಅರದ ಸಮಾನಾಂತರ ಗೀರುಗಳು, ತುದಿಯಲ್ಲಿ ಎದ್ದ ಲೋಹದ ಸಿಬಿರು, ಮಾಸಿದ ನಾಣ್ಯದ ನಡುವೆ ಆ ಒಂದು ಜಾಗದಲ್ಲಿ ಮಾತ್ರ ಹೊಸ ಲೋಹದ ಬಣ್ಣ, ಇವೆಲ್ಲ ಭೂತಗನ್ನಡಿಯಿಲ್ಲದೆಯೂ ಕಾಣುತ್ತವೆ.

ಉತ್ತರ | ಎರಡು ಲೋಹ

ಮೂರನೆಯ ನಾಣ್ಯವನ್ನು ಕೊಳ್ಳಬೇಡಿ. ಎರಡು ಲೋಹಗಳ ನಾಣ್ಯದಲ್ಲಿ ಬಳೆಯೂ ನಡುವಿನ ಬಿಲ್ಲೆಯೂ ಒಟ್ಟಿಗೆ ಅಚ್ಚಾಗುತ್ತವೆ. ಎರಡರ ಮೇಲಿನ ಚಿತ್ರವನ್ನೂ ಮೂಡಿಸುವುದು ಒಂದೇ ಅಚ್ಚು, ಒಂದೇ ಏಟು. ಆ ಏಟಿನಲ್ಲೇ ಲೋಹ ಹರಿದು ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹೀಗಿರುವಾಗ ಬಳೆಯ ಚಿತ್ರ ಒಂದು ದಿಕ್ಕಿಗೆ, ನಡುವಿನ ಚಿತ್ರ ಇನ್ನೊಂದು ದಿಕ್ಕಿಗೆ ಮೂಡುವುದಕ್ಕೆ ಅವಕಾಶವೇ ಇಲ್ಲ. ನಡುವಿನ ಬಿಲ್ಲೆಯನ್ನು ಹೊಡೆದು ತೆಗೆದು, ತಿರುಗಿಸಿ ಮತ್ತೆ ಕೂರಿಸಿದ್ದಾರೆ. ಹಾಗೆ ಕೂರಿಸಿದ ಬಿಲ್ಲೆಯ ಸುತ್ತ ಸಣ್ಣ ಸಂದು, ಬಡಿದ ಗುರುತು, ಕೆಲವೊಮ್ಮೆ ಅಂಟಿನ ಪಸೆ ಕಾಣುತ್ತವೆ. ಇದನ್ನು ಮುಂಬದಿ ಮತ್ತು ಹಿಂಬದಿಯ ಅಚ್ಚುಗಳು ಒಂದಕ್ಕೊಂದು ಹೋಲಿಸಿದಂತೆ ತಿರುಗಿಕೊಂಡಿರುವ ದೋಷದೊಡನೆ ಬೆರೆಸಬಾರದು. ಅದು ನಿಜವಾಗಿಯೂ ಆಗುವ ದೋಷ, ಆದರೆ ಅದರಲ್ಲೂ ಒಂದು ಮುಖದ ಬಳೆ ಮತ್ತು ನಡುಭಾಗ ಪರಸ್ಪರ ಸರಿಯಾಗಿಯೇ ಹೊಂದಿಕೊಂಡಿರುತ್ತವೆ.

ನಡುವಿನ ಬಿಲ್ಲೆಯೇ ಇಲ್ಲದ ಬಳೆಗಳೂ ಮಾರಾಟಕ್ಕೆ ಬರುತ್ತವೆ. ಬಿಲ್ಲೆ ಇಲ್ಲದೆಯೇ ಅಚ್ಚಿನ ಏಟು ಬಿದ್ದಿದ್ದರೆ ಬಳೆಯ ಒಳಲೋಹ ಖಾಲಿ ಜಾಗಕ್ಕೆ ಹರಿದು ರಂಧ್ರ ಸ್ವಲ್ಪ ಕಿರಿದಾಗಿರಬೇಕು, ಒಳಗಿನ ಅಂಚು ದುಂಡಗಾಗಿರಬೇಕು. ರಂಧ್ರದ ಅಳತೆ ಎಂದಿನಂತೆಯೇ ಇದ್ದು, ಒಳಗೋಡೆಯಲ್ಲಿ ಬಿಲ್ಲೆ ಕಚ್ಚಿಕೊಂಡಿದ್ದ ಗುರುತು ಉಳಿದಿದ್ದರೆ, ಬಿಲ್ಲೆಯನ್ನು ಆಮೇಲೆ ತೆಗೆದದ್ದು.

ಪ್ರಶ್ನೆ ಕೇಳಿದವರ ಮರುಪ್ರಶ್ನೆ | ಹೊಸ ಸಂಗ್ರಾಹಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲನೆಯ ಮತ್ತು ಮೂರನೆಯ ನಾಣ್ಯಗಳ ಆಸೆಯನ್ನು ಬಿಟ್ಟಿದ್ದೇನೆ. ಎರಡನೆಯದರ ಎದುರುಬದಿಯ ಅಂಚಿನ ಸ್ಪಷ್ಟ ಚಿತ್ರವನ್ನು ಮಾರುವವರಿಂದ ಕೇಳಿದ್ದೇನೆ. ಇದರ ಜೊತೆಗೇ ಇನ್ನೆರಡು ಬಗೆಯ ನಾಣ್ಯಗಳ ಬಗ್ಗೆ ತಿಳಿಯಬೇಕಾಗಿದೆ. ಎಂದಿಗಿಂತ ತೆಳ್ಳಗೆ, ಚಿಕ್ಕದಾಗಿ ಇರುವ ನಾಣ್ಯಗಳನ್ನು ‘ಬೇರೆ ನಾಣ್ಯದ ಬಿಲ್ಲೆಯ ಮೇಲೆ ಅಚ್ಚಾದದ್ದು’ ಎಂದು ಮಾರುತ್ತಾರೆ. ಹಾಗೆಯೇ, ಬಣ್ಣವೇ ಬೇರೆಯಾಗಿರುವ ನಾಣ್ಯಗಳನ್ನು ‘ತಪ್ಪು ಲೋಹ’ ಎನ್ನುತ್ತಾರೆ. ಇವುಗಳಲ್ಲಿ ಚಿತ್ರದ ಮೇಲೆ ಯಾವ ಪೆಟ್ಟೂ ಕಾಣುವುದಿಲ್ಲ. ಆಗ ಏನನ್ನು ನೋಡಬೇಕು?

ಉತ್ತರ | ತೂಕದಕಲ್ಲು

ಇಲ್ಲಿ ತೂಕ ಮತ್ತು ಅಳತೆ ಮಾತಾಡುತ್ತವೆ. 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್ ಮತ್ತು ಒಂದು ಅಯಸ್ಕಾಂತ, ಈ ಮೂರು ಇಲ್ಲದೆ ಲೋಹದ ಬಗ್ಗೆ ಯಾರೇ ಏನೇ ಹೇಳಿದರೂ ಅದು ಊಹೆ.

ಚಿಕ್ಕ ಬಿಲ್ಲೆಯ ಮೇಲೆ ದೊಡ್ಡ ನಾಣ್ಯದ ಅಚ್ಚು ಬಿದ್ದರೆ ಚಿತ್ರ ಚಿಕ್ಕದಾಗುವುದಿಲ್ಲ, ಏಕೆಂದರೆ ಅಚ್ಚಿನ ಅಳತೆ ಬದಲಾಗುವುದಿಲ್ಲ. ಬಿಲ್ಲೆ ಹಿಡಿಸುವಷ್ಟು ಚಿತ್ರ ಮಾತ್ರ ಮೂಡಿ, ಅಂಚಿನ ಕಡೆಯ ಅಕ್ಷರಗಳು ಕಡಿದುಹೋಗಿರುತ್ತವೆ ಅಥವಾ ಇರುವುದೇ ಇಲ್ಲ. ಆಮ್ಲದಲ್ಲಿ ಅದ್ದಿ ತೆಗೆದ ನಾಣ್ಯದ ಕಥೆ ಇದಕ್ಕೆ ತದ್ವಿರುದ್ಧ. ಆಮ್ಲ ಎಲ್ಲ ಕಡೆಯಿಂದಲೂ ಸಮನಾಗಿ ತಿನ್ನುವುದರಿಂದ ನಾಣ್ಯ ತೆಳುವೂ ಆಗುತ್ತದೆ, ಅಡ್ಡಳತೆಯಲ್ಲೂ ಕುಗ್ಗುತ್ತದೆ, ಆದರೆ ಚಿತ್ರದ ಎಲ್ಲ ಭಾಗಗಳೂ ತಮ್ಮ ತಮ್ಮ ಜಾಗದಲ್ಲಿ, ಸೊರಗಿದ ರೂಪದಲ್ಲಿ ಇರುತ್ತವೆ. ಅಕ್ಷರಗಳು ಕಡ್ಡಿಯಂತಾಗಿರುತ್ತವೆ, ಪಕ್ಕದ ಗೆರೆಗಳು ಅಳಿಸಿಹೋಗುವ ಹಂತದಲ್ಲಿರುತ್ತವೆ, ಮೈ ಮರಳುಮರಳಾಗಿ, ಹೊಳಪಿಲ್ಲದೆ ಇರುತ್ತದೆ. ನಿಜವಾಗಿ ತೆಳುವಾದ ಬಿಲ್ಲೆ ಕಾಲರ್‌ನೊಳಗೆ ಅಚ್ಚಾಗಿದ್ದರೆ ಅದರ ಅಡ್ಡಳತೆ ಕುಗ್ಗಬೇಕಾಗಿಲ್ಲ.

ಯಾರೂ ಬೇಕೆಂದು ಕೆಡಿಸದಿದ್ದರೂ ದೋಷದಂತೆ ಕಾಣುವ ಒಂದು ಬಗೆಯಿದೆ. ಬಟ್ಟೆ ಒಣಗಿಸುವ ಯಂತ್ರದ ಡ್ರಮ್ಮಿನ ಸಂದಿನಲ್ಲಿ ಸಿಕ್ಕಿಕೊಂಡು ದೀರ್ಘಕಾಲ ಉರುಳಿದ ನಾಣ್ಯ ಸುತ್ತಲೂ ಮೆಲುವಾಗಿ ಬಡಿಸಿಕೊಂಡು, ಅದರ ಅಂಚು ದಪ್ಪವಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ, ಅಂಚಿನ ಪಕ್ಕದ ಅಕ್ಷರಗಳ ಮೇಲೆ ಆ ಮಡಿಕೆ ಏರುತ್ತದೆ. ಅಡ್ಡಳತೆ ಎದ್ದುಕಾಣುವಷ್ಟು ಕಡಿಮೆಯಾದರೂ ತೂಕದಲ್ಲಿ ಹೆಚ್ಚು ವ್ಯತ್ಯಾಸ ಬಂದಿರುವುದಿಲ್ಲ. ಇಂಥವನ್ನು ವಿಚಿತ್ರ ದೋಷವೆಂದು ಮಾರುವವರಲ್ಲಿ ಕೆಲವರು ತಾವೇ ಹಾಗೆ ನಂಬಿರುತ್ತಾರೆ; ಆದರೂ ನಾಣ್ಯದ ಬೆಲೆ ಅದರ ಮುಖಬೆಲೆಯಷ್ಟೇ.

ಲೋಹದ ವಿಷಯಕ್ಕೆ ಅಮೆರಿಕದ 1943ರ ಒಂದು ಸೆಂಟ್ ನಾಣ್ಯದ ಉದಾಹರಣೆ ತೆಗೆದುಕೊಳ್ಳಿ. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು ಆ ವರ್ಷ ಅದನ್ನು ಸತುವು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿದರು. ಹಿಂದಿನ ವರ್ಷದ ಕಂಚಿನ ಬಿಲ್ಲೆಗಳು ಕೆಲವು ಉಳಿದು, ಅವುಗಳ ಮೇಲೂ 1943ರ ಅಚ್ಚು ಬಿತ್ತು. ಆ ಕೆಲವೇ ನಾಣ್ಯಗಳು ಜಗತ್ಪ್ರಸಿದ್ಧವಾದದ್ದರಿಂದ, ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪ ಕೊಟ್ಟು ಮಾರುವುದು ಅಂದಿನಿಂದಲೂ ನಡೆದಿದೆ. ಉಕ್ಕಿನದು ಅಯಸ್ಕಾಂತಕ್ಕೆ ಅಂಟುತ್ತದೆ, ಅದರ ತೂಕ ಸುಮಾರು 2.70 ಗ್ರಾಂ, ಕಂಚಿನದು ಅಂಟುವುದಿಲ್ಲ, ತೂಕ ಸುಮಾರು 3.11 ಗ್ರಾಂ. ಇದನ್ನು ಅರಿತ ಜಾಣರು 1948ರ ಕಂಚಿನ ನಾಣ್ಯದಲ್ಲಿ ಕೊನೆಯ 8 ಅಂಕಿಯ ಎಡಭಾಗವನ್ನು ಕೆತ್ತಿ 3 ಮಾಡುತ್ತಾರೆ. ಆಗ ತೂಕವೂ ಅಯಸ್ಕಾಂತವೂ ಮೌನವಾಗುತ್ತವೆ, ಭೂತಗನ್ನಡಿಯಲ್ಲಿ ಅಂಕಿಯ ಆಕಾರವನ್ನೂ ಅದರ ಎಡಬದಿಯ ಕೆರೆತವನ್ನೂ ಹುಡುಕಬೇಕಾಗುತ್ತದೆ.

ಹಲವು ಪದರಗಳ ನಾಣ್ಯದಲ್ಲಿ ಒಂದು ಹೊರಪದರ ಕಾಣೆಯಾಗಿದೆ ಎಂದು ಹೇಳುವಾಗಲೂ ತೂಕ ಕೇಳಿ. ಪದರ ನಿಜಕ್ಕೂ ಇಲ್ಲದಿದ್ದರೆ ತೂಕ ಕಡಿಮೆಯಿರಲೇಬೇಕು. ಮಣ್ಣಿನಲ್ಲಿ ಹೂತು ಕಂದುಬಣ್ಣಕ್ಕೆ ತಿರುಗಿದ, ಅಥವಾ ಮೇಲೆ ತಾಮ್ರದ ಲೇಪ ಪಡೆದ ನಾಣ್ಯದ ತೂಕ ಎಂದಿನಂತೆಯೇ ಇರುತ್ತದೆ.

ಉತ್ತರ | ಅಚ್ಚುಮನೆ

ಅಂಕಿ ಕೆರೆಯುವ ಮಾತು ಬಂದದ್ದರಿಂದ, ಚಿತ್ರದ ಒಂದು ಭಾಗವನ್ನೇ ತೆಗೆದುಹಾಕುವ ವಂಚನೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅಮೆರಿಕದ ಡೆನ್ವರ್ ಟಂಕಸಾಲೆಯಲ್ಲಿ 1937ರಲ್ಲಿ ಅಚ್ಚಾದ, ಕಾಡೆಮ್ಮೆಯ ಚಿತ್ರವಿರುವ ಐದು ಸೆಂಟ್‌ನ ನಾಣ್ಯಗಳಲ್ಲಿ ಕೆಲವಕ್ಕೆ ಮೂರೇ ಕಾಲುಗಳಿವೆ. ಅಚ್ಚಿನ ಮೇಲಿನ ಕಲೆಗಳನ್ನು ಅಳಿಸಲು ಅದನ್ನು ಅತಿಯಾಗಿ ಉಜ್ಜಿದಾಗ ಮುಂಗಾಲಿನ ಕೊರೆತವೇ ಸವೆದುಹೋಯಿತು. ಸಾಮಾನ್ಯ ನಾಣ್ಯದಿಂದ ಕಾಲನ್ನು ಕೆರೆದು ಇದನ್ನು ಅನುಕರಿಸುವವರು ಬಹಳ. ಆದರೆ ಉಜ್ಜಿದ್ದು ಅಚ್ಚನ್ನು ಎಂಬುದು ನೆನಪಿರಲಿ: ಕಾಲು ಮಾಯವಾದ ಜೊತೆಗೆ ಸುತ್ತಲಿನ ಭಾಗಗಳೂ ಸವೆದಿವೆ, ಹಿಂಗಾಲೊಂದು ಕೂಡ ತಿಂದಂತಾಗಿದೆ, ಹೊಟ್ಟೆಯ ಕೆಳಗಿನಿಂದ ನೆಲದ ಕಡೆಗೆ ಉಬ್ಬಿದ ಸಣ್ಣ ಚುಕ್ಕಿಗಳ ಬಾಗಿದ ಸಾಲೊಂದು ಇಳಿದಿದೆ. ಉಬ್ಬಿದ ಚುಕ್ಕಿಯನ್ನು ಕೆರೆದು ತರಲಾಗುವುದಿಲ್ಲ. ಕೆರೆದ ನಾಣ್ಯದಲ್ಲಿ ಕಾಲಿದ್ದ ಜಾಗ ನುಣುಪಾಗಿ ತಗ್ಗಿರುತ್ತದೆ, ಉಳಿದೆಲ್ಲ ಭಾಗ ಎಂದಿನಂತಿರುತ್ತದೆ.

ಅಚ್ಚಿನಲ್ಲಿ ಹುಟ್ಟಿದ ದೋಷಕ್ಕೆ ಇನ್ನೊಂದು ಗುಣವಿದೆ: ಆ ಅಚ್ಚಿನಿಂದ ಆಮೇಲೆ ಹೊರಬಂದ ನಾಣ್ಯಗಳಲ್ಲೆಲ್ಲ ಅದು ಅದೇ ಜಾಗದಲ್ಲಿ ಮರುಕಳಿಸುತ್ತದೆ. ಅಚ್ಚು ಬಿರುಕುಬಿಟ್ಟರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ, ಏಕೆಂದರೆ ಲೋಹ ಆ ಬಿರುಕಿನೊಳಕ್ಕೂ ನುಗ್ಗುತ್ತದೆ. ತಗ್ಗಾದ ಗೀರನ್ನು ‘ಅಚ್ಚಿನ ಬಿರುಕು’ ಎಂದು ಮಾರುತ್ತಿದ್ದರೆ ಅದು ಯಾರೋ ಎಳೆದ ಗೀರು.

ಕೊನೆಯದಾಗಿ ಮಾರಾಟದ ಪುಟದ ಬಗ್ಗೆ ಒಂದೆರಡು ಮಾತು. ಎರಡೂ ಮುಖಗಳ ನೇರ ಚಿತ್ರ, ಪಕ್ಕದ ಅಂಚಿನ ಸುತ್ತಲಿನ ಚಿತ್ರ, ತಕ್ಕಡಿಯ ಮೇಲಿಟ್ಟ ಚಿತ್ರ, ಇಷ್ಟನ್ನು ಕೇಳಿ ಪಡೆಯಿರಿ. ಒಂದೇ ಮುಖವನ್ನು ಓರೆ ಬೆಳಕಿನಲ್ಲಿ ತೋರಿಸಿ, ಉಳಿದದ್ದನ್ನು ಕೊಡಲು ಒಪ್ಪದವರೊಡನೆ ವ್ಯವಹಾರ ಬೇಡ. ‘ಇಂಥದ್ದು ಜಗತ್ತಿನಲ್ಲಿ ಒಂದೇ’ ಎನ್ನುವವರನ್ನು, ಇದು ಟಂಕಸಾಲೆಯ ಯಾವ ಹಂತದಲ್ಲಿ ಹೇಗೆ ಆಯಿತು ಎಂದು ಕೇಳಿ ನೋಡಿ. ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ಪರಿಶೀಲಿಸಿ ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿಕೊಟ್ಟ ನಾಣ್ಯಗಳಿಗೆ ಹೆಚ್ಚಿನ ಭರವಸೆ ಇದೆ, ಆದರೆ ಆ ಪೆಟ್ಟಿಗೆಗಳ ನಕಲುಗಳೂ ಓಡಾಡುತ್ತಿವೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ನೀವೇ ನಮೂದಿಸಿ, ಅಲ್ಲಿನ ವಿವರ ಮತ್ತು ಚಿತ್ರ ಇದ್ದರೆ ಚಿತ್ರವನ್ನೂ, ನಾಣ್ಯದ ಮೇಲಿನ ಒಂದೊಂದು ಕಲೆ ಗೀರುಗಳ ಸಮೇತ ಹೋಲಿಸಿ ನೋಡಿ. ಸಂಖ್ಯೆ ನಿಜವಾದದ್ದೇ ಆಗಿದ್ದು, ಅದು ಬೇರೊಂದು ನಾಣ್ಯಕ್ಕೆ ಸೇರಿರುವುದೂ ಉಂಟು.